ಮೂವತ್ತು ಸಾವಿರ ಅಡಿ

1916. ಟೊರಾಂಟೊ. ರಾಬರ್ಟ್ ಫ್ಲಾಹರ್ಟಿ ಅನ್ನುವ ಮೂವತ್ತೆರಡು ವರ್ಷದ ಮನುಷ್ಯ ತಾನೇ ತೆಗೆದ ಫಿಲ್ಮಿನ ನೆಗೆಟಿವ್ ರೀಲುಗಳ ಮಧ್ಯೆ ಕೂತು ಕೆಲಸ ಮಾಡ್ತಿದ್ದಾನೆ. ಕೈಯಲ್ಲಿ ಸಿಗರೇಟು. ಅದು ಜಾರಿ ಕೆಳಗೆ ಬಿತ್ತು. ಆ ಕಾಲದ ಫಿಲ್ಮು ಸೆಲ್ಯುಲೋಸ್ ನೈಟ್ರೇಟಿನದು. ಒಮ್ಮೆ ಹತ್ತಿಕೊಂಡರೆ ನೀರಿನೊಳಗೆ ಮುಳುಗಿಸಿದರೂ ಉರಿಯುವಂಥ ವಸ್ತು. ಕ್ಷಣಮಾತ್ರದಲ್ಲಿ ಮೂವತ್ತು ಸಾವಿರ ಅಡಿ ಫಿಲ್ಮು ಸುಟ್ಟು ಹೋಯಿತು, ಅವನ ಕೈಯೂ ಸುಟ್ಟಿತು. ಮೂಕಿ ಚಿತ್ರದ ವೇಗದಲ್ಲಿ ಲೆಕ್ಕ ಹಾಕಿದರೆ ಹೆಚ್ಚುಕಡಿಮೆ ಎಂಟು ಗಂಟೆಯ ಚಿತ್ರ. ಎರಡು ವರ್ಷ ಹಿಮದಲ್ಲಿ ಓಡಾಡಿ ತೆಗೆದದ್ದು.

ಈ ಕಥೆಯನ್ನು ಸಿನಿಮಾ ಓದುವವರೆಲ್ಲ ಎಲ್ಲಾದರೂ ಕೇಳಿರ್ತಾರೆ. ಆದರೆ ಸಾಮಾನ್ಯವಾಗಿ ಬಿಟ್ಟುಹೋಗುವ ಒಂದು ವಿಷಯ ಇದೆ. ಫ್ಲಾಹರ್ಟಿ ಸಿನಿಮಾದವನೇ ಅಲ್ಲ. ಅವನ ಕೆಲಸ ಗಣಿ ಹುಡುಕೋದು. ಕೆನಡಾದ ರೈಲ್ವೆ ಉದ್ಯಮಿ ವಿಲಿಯಂ ಮೆಕೆಂಝಿ 1910ರಲ್ಲಿ ಅವನನ್ನು ಹಡ್ಸನ್ ಕೊಲ್ಲಿಯ ಕಡೆ ಕಬ್ಬಿಣದ ಅದಿರು ಇದೆಯಾ ನೋಡು ಅಂತ ಕಳಿಸಿದ್ದ. ಮೂರನೇ ಸಲ ಹೊರಡುವಾಗ, 1913ರಲ್ಲಿ, ಅದೇ ಮೆಕೆಂಝಿ 'ಹೇಗೂ ಹೋಗ್ತಾ ಇದ್ದೀಯ, ಒಂದು ಕ್ಯಾಮೆರಾನೂ ತಗೊಂಡು ಹೋಗು' ಅನ್ನೋ ಅರ್ಥದಲ್ಲಿ ಸಲಹೆ ಕೊಟ್ಟ. ಫ್ಲಾಹರ್ಟಿ ಒಂದು ಬೆಲ್ ಅಂಡ್ ಹೋವೆಲ್ ಕೊಂಡ, ರೋಚೆಸ್ಟರಿನ ಕೊಡಾಕ್ ಕಂಪನಿಯಲ್ಲಿ ಮೂರು ವಾರ ಪಾಠ ಹೇಳಿಸಿಕೊಂಡ, ಹೊರಟ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಕ್ಲೈಂಟ್ ವಿಸಿಟ್‌ಗೆ ಹೋದವನು ವೀಕೆಂಡಲ್ಲಿ ಶೂಟಿಂಗ್ ಮಾಡಿದ ಹಾಗೆ.

ಬೆಂಕಿಯಲ್ಲಿ ನೆಗೆಟಿವ್ ಹೋದರೂ ಒಂದು ಪ್ರಿಂಟು ಉಳಿದಿತ್ತು. ಅದನ್ನೇ ಅಲ್ಲಿ ಇಲ್ಲಿ ಭೂಗೋಳ ಆಸಕ್ತರ ಸಂಘಗಳಲ್ಲಿ ತೋರಿಸಿದ. ಜನ ಮರ್ಯಾದೆಯಿಂದ ನೋಡಿದರು, ಎದ್ದು ಹೋದರು. ಅವನಿಗೇ ಅದು ಬೋರು ಹೊಡೆಸಿತು. ಇಲ್ಲೊಂದು ದೃಶ್ಯ, ಅಲ್ಲೊಂದು ದೃಶ್ಯ, ನಡುವೆ ನಂಟಿಲ್ಲ. ಅಲ್ಲಿಗೆ ಬಿಟ್ಟಿದ್ದರೆ ಫ್ಲಾಹರ್ಟಿ ಇವತ್ತು ಯಾರಿಗೂ ಗೊತ್ತಿರದ ಒಬ್ಬ ಗಣಿ ಎಂಜಿನಿಯರ್. ಅವನು ಬಿಡಲಿಲ್ಲ, ಆದರೆ ತಕ್ಷಣ ಶುರುವನ್ನೂ ಮಾಡಲಿಲ್ಲ. ದುಡ್ಡಿಲ್ಲ, ಮಹಾಯುದ್ಧ ನಡೀತಾ ಇದೆ, ಹೆಂಡತಿ ಮಕ್ಕಳಿದ್ದಾರೆ. ನಾಲ್ಕು ವರ್ಷ ಹಾಗೇ ಹೋಯಿತು. ಆ ನಾಲ್ಕು ವರ್ಷದಲ್ಲಿ ಅವನಿಗೆ ಹೊಳೆದದ್ದು ಒಂದೇ ವಿಷಯ: ಎಲ್ಲರನ್ನೂ ತೋರಿಸೋಕೆ ಹೋದದ್ದರಿಂದ ಯಾರೂ ಕಾಣಲಿಲ್ಲ. ಒಬ್ಬ ಮನುಷ್ಯ, ಅವನ ಸಂಸಾರ, ಅವರ ಊಟದ ಪಾಡು, ಇಷ್ಟು ಸಾಕು.

1920ರಲ್ಲಿ ರೆವಿಲಾನ್ ಫ್ರೆರ್ ಅನ್ನುವ ಫ್ರೆಂಚ್ ತುಪ್ಪಳದ ಕಂಪನಿ ದುಡ್ಡು ಕೊಟ್ಟಿತು. (ಹೌದು, ಜಗತ್ತಿನ ಮೊದಲ ಪ್ರಸಿದ್ಧ ಸಾಕ್ಷ್ಯಚಿತ್ರ ಒಂದರ್ಥದಲ್ಲಿ ತುಪ್ಪಳದ ಕೋಟಿನ ಜಾಹೀರಾತು. ಪ್ರಾಯೋಜಕರ ಕಾಟ ಈಗ ಶುರುವಾದದ್ದಲ್ಲ.) ಆತ ಮತ್ತೆ ಉತ್ತರಕ್ಕೆ ಹೋದ, ಒಂದು ವರ್ಷ ಅಲ್ಲೇ ಉಳಿದ. ಗುಡಿಸಿಲಿನಲ್ಲೇ ಫಿಲ್ಮ್ ತೊಳೆದ. ಕಿಟಕಿಯಲ್ಲಿ ಒಂದು ಫ್ರೇಮಿನಷ್ಟು ಜಾಗ ಬಿಟ್ಟು ಬಿಸಿಲಿನ ಬೆಳಕಿನಲ್ಲೇ ಪ್ರಿಂಟ್ ಹಾಕಿದ. ತೊಳೆಯೋಕೆ ಬೇಕಾದ ನೀರನ್ನು ಅಲ್ಲಿಯ ಇನ್ಯೂಯಿಟ್ ಜನ ಹೆಪ್ಪುಗಟ್ಟಿದ ನೀರಿನಲ್ಲಿ ಗುಂಡಿ ತೋಡಿ ತಂದು ಕೊಡ್ತಿದ್ದರು. ತೆಗೆದದ್ದನ್ನು ಮೊದಲು ಅವರಿಗೇ ತೋರಿಸ್ತಿದ್ದ. ವಾಲ್ರಸ್ ಬೇಟೆಯ ದೃಶ್ಯ ನೋಡಿದ ಮೇಲೆ ಅವರಿಗೆ ಈ ಪೆಟ್ಟಿಗೆಯ ಕೆಲಸ ಏನು ಅಂತ ಗೊತ್ತಾಯಿತು. ಆಮೇಲೆ 'ಇದನ್ನೂ ತೆಗೆಯೋಣ, ಅದನ್ನೂ ತೆಗೆಯೋಣ' ಅಂತ ಅವರೇ ಹೇಳೋಕೆ ಶುರು ಮಾಡಿದರು. 1922ರ ಜೂನಿನಲ್ಲಿ 'ನಾನೂಕ್ ಆಫ್ ದ ನಾರ್ತ್' ನ್ಯೂಯಾರ್ಕಿನ ಕ್ಯಾಪಿಟಲ್ ಥಿಯೇಟರಿನಲ್ಲಿ ಬಿಡುಗಡೆಯಾಯಿತು.

ಹಾಗಂತ ಫ್ಲಾಹರ್ಟಿಯನ್ನು ಪಲ್ಲಕ್ಕಿ ಮೇಲೆ ಕೂರಿಸಬೇಕಿಲ್ಲ. 'ನಾನೂಕ್'ನ ನಿಜವಾದ ಹೆಸರು ಅಲ್ಲಾಕಾರಿಯಲ್ಲಾಕ್. ಚಿತ್ರದಲ್ಲಿ ಅವನ ಹೆಂಡತಿ ಅಂತ ತೋರಿಸಿದವಳು ಅವನ ಹೆಂಡತಿಯಲ್ಲ. ಬಂದೂಕು ಬಳಸ್ತಿದ್ದ ಜನರ ಕೈಗೆ ಈಟಿ ಕೊಟ್ಟು ಬೇಟೆ ಆಡಿಸಿದ. ಇಗ್ಲೂ ಒಳಗೆ ಬೆಳಕು ಸಾಲದು ಅಂತ ಅರ್ಧ ಇಗ್ಲೂ ಮಾತ್ರ ಕಟ್ಟಿಸಿ, ಚಳಿಗಾಳಿಗೆ ಮೈಯೊಡ್ಡಿ ಅವರು 'ಮಲಗಿದ್ದನ್ನು' ತೆಗೆದ. ಗ್ರಾಮಫೋನ್ ಪ್ಲೇಟನ್ನು ಕಚ್ಚಿ ನೋಡುವ ದೃಶ್ಯವಂತೂ ಶುದ್ಧ ನಾಟಕ. ಸಾಕ್ಷ್ಯಚಿತ್ರದ ಇತಿಹಾಸ ಹೀಗೆ ಸುಳ್ಳು ಸಾಕ್ಷ್ಯದಿಂದಲೇ ಶುರುವಾಗುತ್ತೆ ಅನ್ನೋದು ನನಗೆ ಇವತ್ತಿಗೂ ಒಂಥರಾ ತಮಾಷೆ. 'ಡಾಕ್ಯುಮೆಂಟರಿ' ಅನ್ನೋ ಪದವನ್ನು ಜಾನ್ ಗ್ರಿಯರ್ಸನ್ ಚಲಾವಣೆಗೆ ತಂದದ್ದು ನಾಲ್ಕು ವರ್ಷ ಆದಮೇಲೆ, 1926ರಲ್ಲಿ, ಇದೇ ಫ್ಲಾಹರ್ಟಿಯ ಮುಂದಿನ ಚಿತ್ರ 'ಮೊಆನಾ'ದ ವಿಮರ್ಶೆ ಬರೆಯುವಾಗ. ಮಗು ಮೊದಲು ಹುಟ್ಟಿತು, ನಾಮಕರಣ ನಿಧಾನಕ್ಕೆ ಆಯಿತು.

ನಮ್ಮ ಕಡೆಗೆ ಬರೋಣ. ನಮ್ಮಲ್ಲೂ ಒಬ್ಬ ಇಂಥವರಿದ್ದರು. ಕನ್ನಡದವರಲ್ಲ, ಪಕ್ಕದ ತಮಿಳಿನವರು. ಎ.ಕೆ. ಚೆಟ್ಟಿಯಾರ್. ಹುಟ್ಟಿದ್ದು 1911ರಲ್ಲಿ, ಚೆಟ್ಟಿನಾಡಿನ ಕೋಟ್ಟೈಯೂರಿನಲ್ಲಿ. ಮನೆತನದ ಕಸುಬು ಲೇವಾದೇವಿ, ಇವರ ಹುಚ್ಚು ಮಾತ್ರ ಪತ್ರಿಕೆ, ಪ್ರವಾಸ, ಫೋಟೋ. ಬರ್ಮಾದಲ್ಲಿ ಪತ್ರಿಕೆ ನಡೆಸಿದರು, ಜಪಾನಿನಲ್ಲಿ ಫೋಟೋಗ್ರಫಿ ಕಲಿತರು, ಅಲ್ಲಿಂದ ಅಮೆರಿಕಕ್ಕೆ ಹೋದರು. 1937ರ ಅಕ್ಟೋಬರ್ 2ರಂದು ನ್ಯೂಯಾರ್ಕಿನಿಂದ ಡಬ್ಲಿನ್ನಿಗೆ ಹೋಗುವ ಹಡಗಿನಲ್ಲಿದ್ದರು. ಆವತ್ತು ಗಾಂಧಿ ಜಯಂತಿ ಅನ್ನೋದನ್ನು ಬೇರೆ ಹೇಳಬೇಕಿಲ್ಲ. ಗಾಂಧಿ ಬಗ್ಗೆ ಒಂದು ಸಾಕ್ಷ್ಯಚಿತ್ರ ಮಾಡಬೇಕು ಅನ್ನೋ ಯೋಚನೆ ಬಂದದ್ದು ಆ ಹಡಗಿನಲ್ಲಿ. ಆಗ ಅವರಿಗೆ ಇನ್ನೂ ಇಪ್ಪತ್ತಾರು ತುಂಬಿರಲಿಲ್ಲ.

ಹಡಗಿನಲ್ಲಿ, ಬಸ್ಸಿನಲ್ಲಿ, ಸ್ನಾನದ ಮನೆಯಲ್ಲಿ ಎಲ್ಲರಿಗೂ ಯೋಚನೆ ಬರುತ್ತೆ ಬಿಡಿ. ಚೆಟ್ಟಿಯಾರ್ ಮುಂದೆ ಮಾಡಿದ್ದನ್ನು ನೋಡಿ. ಗಾಂಧಿಯನ್ನು ಆವರೆಗೆ ಜಗತ್ತಿನಲ್ಲಿ ಯಾರ್ಯಾರು ಫಿಲ್ಮಿನಲ್ಲಿ ಹಿಡಿದಿದ್ದಾರೋ ಅವರನ್ನೆಲ್ಲ ಹುಡುಕಿಕೊಂಡು ಹೊರಟರು. ದಕ್ಷಿಣ ಆಫ್ರಿಕಾ, ಯುರೋಪು, ಭಾರತದ ಮೂಲೆಮೂಲೆ. ಸುಮಾರು ಒಂದು ಲಕ್ಷ ಮೈಲಿ ಸುತ್ತಿದರು. ನೂರು ಜನ ಕ್ಯಾಮೆರಾಮನ್‌ಗಳು ಮೂವತ್ತು ವರ್ಷದಲ್ಲಿ ತೆಗೆದಿದ್ದ ಐವತ್ತು ಸಾವಿರ ಅಡಿ ಫಿಲ್ಮನ್ನು ಒಟ್ಟು ಮಾಡಿದರು. ಗೂಗಲ್ ಇಲ್ಲ, ಇಮೇಲ್ ಇಲ್ಲ. ಕಾಗದ ಬರೆದು ಉತ್ತರ ಬರೋಕೆ ತಿಂಗಳುಗಟ್ಟಲೆ ಕಾಯಬೇಕು. ಮಧ್ಯೆ ಎರಡನೇ ಮಹಾಯುದ್ಧ ಬೇರೆ ಶುರುವಾಯಿತು. ಅದನ್ನೆಲ್ಲ ಕತ್ತರಿಸಿ ಹನ್ನೆರಡು ಸಾವಿರ ಅಡಿಗೆ ಇಳಿಸಿ, 1940ರಲ್ಲಿ ತಮಿಳು ವಿವರಣೆಯೊಂದಿಗೆ ಮದರಾಸಿನಲ್ಲಿ ಬಿಡುಗಡೆ ಮಾಡಿದರು. ಆಮೇಲೆ ತೆಲುಗಿನಲ್ಲೂ ಬಂತು. ಆಗ ಗಾಂಧಿ ಇನ್ನೂ ಬದುಕಿದ್ದರು. ದೇಶದಲ್ಲಿ ಬ್ರಿಟಿಷ್ ಸರ್ಕಾರವಿತ್ತು. ಅಂಥ ಹೊತ್ತಿನಲ್ಲಿ ಈ ಚಿತ್ರ ಮಾಡೋಕೆ ಬೇಕಾದ ಧೈರ್ಯದ ಅಂದಾಜು ನಮಗೆ ಸಿಗೋದು ಕಷ್ಟ.

ನನಗೆ ಈ ಮನುಷ್ಯನ ಬದುಕಿನಲ್ಲಿ ಇಷ್ಟವಾಗೋದು ಮುಂದಿನ ಭಾಗ. ಚಿತ್ರ ಮುಗಿದ ಮೇಲೆ ಚೆಟ್ಟಿಯಾರ್ 'ನಿರ್ದೇಶಕ' ಆಗಲಿಲ್ಲ. 1943ರಿಂದ 'ಕುಮರಿ ಮಲರ್' ಅನ್ನೋ ಮಾಸಪತ್ರಿಕೆ ಶುರು ಮಾಡಿ, 1983ರಲ್ಲಿ ತೀರಿಕೊಳ್ಳೋವರೆಗೂ ಅದನ್ನೇ ನಡೆಸಿಕೊಂಡು ಬಂದರು. ತಮಿಳಿನಲ್ಲಿ ಅವರ ಹೆಸರು ಇರೋದು ಪ್ರವಾಸ ಸಾಹಿತ್ಯದ ಪುಸ್ತಕಗಳಿಂದ. ಆದರೆ ಆ ಚಿತ್ರ ಅವರನ್ನು ಬಿಡಲಿಲ್ಲ. ಹತ್ತು ವರ್ಷ ಆದಮೇಲೆ ಹಿಂದಿಗೆ ತಂದರು. 1953ರಲ್ಲಿ ಅಮೆರಿಕದಲ್ಲಿ ಅದರ ಇಂಗ್ಲಿಷ್ ರೂಪ ಬಂತು. ಒಂದು ಚಿತ್ರ, ಅದಕ್ಕೆ ಹದಿನಾರು ವರ್ಷ.

ಆಮೇಲೆ ಚಿತ್ರ ಕಳೆದೇ ಹೋಯಿತು. ಇತಿಹಾಸಕಾರ ಎ.ಆರ್. ವೆಂಕಟಾಚಲಪತಿ ವರ್ಷಗಟ್ಟಲೆ ಹುಡುಕಿದ ಮೇಲೆ ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ರೂಪದ ಪ್ರತಿ ಸಿಕ್ಕಿತು. ಒಂದು ಲಕ್ಷ ಮೈಲಿ ಸುತ್ತಿ ಬೇರೆಯವರ ರೀಲುಗಳನ್ನು ಹುಡುಕಿದವರ ರೀಲನ್ನು ಹುಡುಕೋಕೆ ಇನ್ನೊಬ್ಬರು ಹೊರಡಬೇಕಾಯಿತು.

ಸ್ವಾತಂತ್ರ್ಯ ಬಂದ ದಿನದ್ದೂ ಹೆಚ್ಚುಕಡಿಮೆ ಇದೇ ಕಥೆ. ಯುದ್ಧಕಾಲದಲ್ಲಿ ಬ್ರಿಟಿಷರು ಪ್ರಚಾರಕ್ಕೆ ಅಂತ ಮಾಡಿಕೊಂಡಿದ್ದ ಚಿತ್ರ ಘಟಕವನ್ನು 1946ರಲ್ಲಿ ಮುಚ್ಚಿದ್ದರು. ಹಾಗಾಗಿ 1947ರ ಆಗಸ್ಟ್‌ನಲ್ಲಿ ಆ ಕ್ಷಣವನ್ನು ಹಿಡಿಯೋಕೆ ಸರ್ಕಾರದ್ದು ಅಂತ ಒಂದು ಫಿಲ್ಮ್ ಘಟಕವೇ ಇರಲಿಲ್ಲ. ನಮ್ಮವರ ಪೈಕಿ ಆವತ್ತು ಕ್ಯಾಮೆರಾ ಹಿಡಿದು ನಿಂತವರು ಡಾ. ಪಿ.ವಿ. ಪತಿಯಂಥ ಸ್ವತಂತ್ರ ಛಾಯಾಗ್ರಾಹಕರು. ಇದೇ ಪತಿ ಚೆಟ್ಟಿಯಾರರ ಗಾಂಧಿ ಚಿತ್ರಕ್ಕೂ ಕೆಲಸ ಮಾಡಿದ್ದವರು.

1948ರಲ್ಲಿ ಮುಂಬಯಿಯಲ್ಲಿ ಫಿಲ್ಮ್ಸ್ ಡಿವಿಷನ್ ಬಂತು. ಥಿಯೇಟರಿನಲ್ಲಿ ಸಿನಿಮಾ ನೋಡಿದ ನಮ್ಮ ಅಪ್ಪ ಅಮ್ಮನ ಕಾಲದವರಿಗೆ ಕೇಳಿ, ಅವರಿಗೆ ಡಾಕ್ಯುಮೆಂಟರಿ ಅಂದರೆ 'ಮೇನ್ ಪಿಕ್ಚರ್' ಶುರುವಾಗೋ ಮುಂಚೆ ಕಡಲೆಕಾಯಿ ತರೋಕೆ ಸಿಗ್ತಿದ್ದ ಸಮಯ. ಥಿಯೇಟರಿನವರು ಪ್ರತಿ ಆಟಕ್ಕೂ ಎರಡು ಸಾವಿರ ಅಡಿವರೆಗೆ, ಅಂದರೆ ಸುಮಾರು ಇಪ್ಪತ್ತು ನಿಮಿಷ, ಸರ್ಕಾರ ಒಪ್ಪಿದ ಚಿತ್ರ ಹಾಕಲೇಬೇಕಿತ್ತು. ಅದಕ್ಕೆ ಬಾಡಿಗೆಯನ್ನೂ ಅವರೇ ಕೊಡಬೇಕು. ಅಣೆಕಟ್ಟು, ಪ್ರವಾಹ, ಮಂತ್ರಿಗಳ ಉದ್ಘಾಟನೆ, ಅದಕ್ಕೊಂದು ಗಡಸು ದನಿ. 'ಸಾಕ್ಷ್ಯಚಿತ್ರ' ಅಂದ ತಕ್ಷಣ ಆಕಳಿಕೆ ಬರೋ ಅಭ್ಯಾಸ ನಮ್ಮ ದೇಶಕ್ಕೆ ಅಂಟಿದ್ದು ಅಲ್ಲಿಂದ ಅಂತ ನನ್ನ ಗುಮಾನಿ.

ಆದರೆ ಅದೇ ಸರ್ಕಾರಿ ಕಟ್ಟಡದಲ್ಲಿ 1967ರಲ್ಲಿ ಎಸ್.ಎನ್.ಎಸ್. ಶಾಸ್ತ್ರಿ 'ಐ ಆ್ಯಮ್ 20' ಮಾಡಿದರು. ಸ್ವಾತಂತ್ರ್ಯ ಬಂದ ವರ್ಷ ಹುಟ್ಟಿದ ಹುಡುಗ ಹುಡುಗಿಯರನ್ನು ದೇಶದುದ್ದಕ್ಕೂ ಹುಡುಕಿ, ಕ್ಯಾಮೆರಾ ಮುಂದೆ ಕೂರಿಸಿ, 'ಏನಪ್ಪಾ, ಹೇಗಿದೆ ದೇಶ, ಹೇಗಿದ್ದೀಯ ನೀನು' ಅಂತ ಕೇಳೋದು, ಅಷ್ಟೇ. ಒಬ್ಬರು ಕನಸು ಹೇಳ್ತಾರೆ, ಒಬ್ಬರು ಗೇಲಿ ಮಾಡ್ತಾರೆ, ಒಬ್ಬರಿಗೆ ದೇಶದ ಬಗ್ಗೆ ಹೇಳೋಕೆ ಏನೂ ಇಲ್ಲ. ಯೂಟ್ಯೂಬಿನಲ್ಲಿ ಸಿಗುತ್ತೆ, ಇಪ್ಪತ್ತು ನಿಮಿಷವೂ ಇಲ್ಲ, ಇವತ್ತೇ ನೋಡಿ. ಮರುವರ್ಷ ಅದೇ ಶಾಸ್ತ್ರಿ 'ಆ್ಯಂಡ್ ಐ ಮೇಕ್ ಶಾರ್ಟ್ ಫಿಲ್ಮ್ಸ್' ಅಂತ ತಮ್ಮ ಕಸುಬನ್ನೇ ಕಿಚಾಯಿಸುವ ಚಿತ್ರ ಮಾಡಿದರು. ಸರ್ಕಾರದ ದುಡ್ಡಿನಲ್ಲೇ! ನಮ್ಮಲ್ಲಿ ಗಿರೀಶ ಕಾರ್ನಾಡರು 1972ರಲ್ಲಿ ಬೇಂದ್ರೆಯವರ ಬಗ್ಗೆ ಚಿತ್ರ ಮಾಡಿದ್ದು ನಿಮಗೆ ಗೊತ್ತಿರಬಹುದು. ಬೇಂದ್ರೆ ತೀರಿಕೊಂಡದ್ದು 1981ರಲ್ಲಿ. ಕಾರ್ನಾಡರು 'ಮುಂದೆ ನೋಡೋಣ' ಅಂದುಕೊಂಡಿದ್ದರೆ ಆ ಮುಖ, ಆ ಮಾತಿನ ಗತ್ತು ಅಷ್ಟು ಹತ್ತಿರದಿಂದ ನಮಗೆ ಸಿಗ್ತಿರಲಿಲ್ಲ.

ಸರ್ಕಾರದ ಹೊರಗೆ ಮಾಡೋದು ಇನ್ನೂ ಕಷ್ಟವಿತ್ತು. ಕಷ್ಟ ಅಂದರೆ ಮೊದಲಿಗೆ ಫಿಲ್ಮಿನದು. 35 ಎಂ.ಎಂ. ಫಿಲ್ಮು ಸಾವಿರ ಅಡಿ ಓಡಿದರೆ ಸಿಗೋದು ಹನ್ನೊಂದು ನಿಮಿಷ. 16 ಎಂ.ಎಂ.ನಲ್ಲಿ ಅಷ್ಟೇ ಹೊತ್ತಿಗೆ ನಾನೂರು ಅಡಿ. ಕ್ಯಾಮೆರಾ ಗುಂಡಿ ಒತ್ತಿದ ಕ್ಷಣದಿಂದ ದುಡ್ಡು ಸದ್ದು ಮಾಡಿಕೊಂಡು ಓಡುತ್ತೆ. ಆನಂದ ಪಟವರ್ಧನ್ 1974ರಲ್ಲಿ ಬಿಹಾರದ ಚಳವಳಿಯನ್ನು ಸೂಪರ್ 8 ಮತ್ತು 16 ಎಂ.ಎಂ.ನಲ್ಲಿ ಹಿಡಿದರು. ಅಷ್ಟರಲ್ಲಿ ತುರ್ತುಪರಿಸ್ಥಿತಿ ಬಂತು. ಪ್ರಿಂಟನ್ನು ತುಂಡು ತುಂಡು ಮಾಡಿ ದೇಶದಿಂದ ಆಚೆ ಸಾಗಿಸಿ, ಕೆನಡಾದಲ್ಲಿ ಮತ್ತೆ ಜೋಡಿಸಬೇಕಾಯಿತು.

ಈಗ ನಿಪ್ಪಾಣಿಗೆ ಬರ್ತೀನಿ. ಈ ಲೇಖನ ಬರೆಯೋಕೆ ಕೂತದ್ದೇ ಹೆಚ್ಚುಕಡಿಮೆ ನಿಪ್ಪಾಣಿಗಾಗಿ.

ಬೆಂಗಳೂರಿನಲ್ಲಿರೋ ನಮಗೆ ನಿಪ್ಪಾಣಿ ಅಂದರೆ ಪುಣೆಗೆ ಹೋಗೋ ರಾತ್ರಿ ಬಸ್ಸಿನ ಕಿಟಕಿಯಲ್ಲಿ ಅರೆನಿದ್ದೆಯಲ್ಲಿ ಕಾಣೋ ಒಂದು ಬೋರ್ಡು. ಅಷ್ಟು ಬಿಟ್ಟರೆ ಗಡಿ ವಿವಾದದ ಸುದ್ದಿಯಲ್ಲಿ ಬರೋ ಒಂದು ಹೆಸರು. ಆದರೆ ಅದು ತಂಬಾಕಿನ ಊರು. ತಂಬಾಕಿನ ಕಾರ್ಖಾನೆಗಳಲ್ಲಿ ಎಲೆ ಬಡಿದು, ಜರಡಿ ಹಿಡಿದು, ಪುಡಿ ಮಾಡೋ ಕೆಲಸ ಹೆಂಗಸರದ್ದು. ಧೂಳು ಮೂಗಿಗೆ, ಕಣ್ಣಿಗೆ, ಶ್ವಾಸಕೋಶಕ್ಕೆ. ಕೂಲಿ ಕಡಿಮೆ. ಈ ಹೆಂಗಸರು ಸಂಘ ಕಟ್ಟಿದರು, ಮುಷ್ಕರ ಹೂಡಿದರು.

1980ರಲ್ಲಿ ದೀಪಾ ಧನರಾಜ್, ಆಭಾ ಭೈಯಾ, ಮೀರಾ ರಾವ್, ನವ್ರೋಜ್ ಕಾಂಟ್ರಾಕ್ಟರ್ ಸೇರಿ 'ಯುಗಾಂತರ್' ಅನ್ನೋ ಸಣ್ಣ ಗುಂಪು ಕಟ್ಟಿಕೊಂಡಿದ್ದರು. ದೀಪಾ, ನವ್ರೋಜ್ ಇಬ್ಬರೂ ಬೆಂಗಳೂರಿನವರು ಅಂತಲೇ ನಮಗೆಲ್ಲ ಪರಿಚಿತರು. ನವ್ರೋಜ್ ಅವರು ಮಣಿ ಕೌಲ್ ಅವರ 'ದುವಿಧಾ'ಕ್ಕೆ ಕ್ಯಾಮೆರಾ ಹಿಡಿದವರು, ಬೈಕಿನ ಹುಚ್ಚಿನವರು, 2023ರಲ್ಲಿ ಬೈಕ್ ಅಪಘಾತದಲ್ಲೇ ಹೋಗಿಬಿಟ್ಟರು. ಈ ಗುಂಪು ಪುಣೆಯ ಮನೆಗೆಲಸದ ಹೆಂಗಸರ ಬಗ್ಗೆ 'ಮೋಲಕರೀಣ್' ಮಾಡಿದ ಮೇಲೆ ನಿಪ್ಪಾಣಿಗೆ ಬಂತು. ಬಂದ ತಕ್ಷಣ ಕ್ಯಾಮೆರಾ ತೆಗೆಯಲಿಲ್ಲ. ತಿಂಗಳುಗಟ್ಟಲೆ ಆ ಹೆಂಗಸರ ಜೊತೆ ಮಾತಾಡಿದರು. ಏನು ತೋರಿಸಬೇಕು ಅನ್ನೋದು ಆ ಮಾತಿನಿಂದಲೇ ತೀರ್ಮಾನವಾಯಿತು. ಆಗಿಹೋದ ಘಟನೆಗಳನ್ನು ಆ ಹೆಂಗಸರೇ ಮತ್ತೊಮ್ಮೆ ಮಾಡಿ ತೋರಿಸಿದರು.

ಫ್ಲಾಹರ್ಟಿಯೂ ಮಾಡಿಸಿದ, ಇವರೂ ಮಾಡಿಸಿದರು. ವ್ಯತ್ಯಾಸ ಇರೋದು ಯಾರ ಮನಸ್ಸಿನಲ್ಲಿರೋ ಚಿತ್ರವನ್ನು ಯಾರು ಆಡ್ತಿದ್ದಾರೆ ಅನ್ನೋದರಲ್ಲಿ. ಅಲ್ಲಾಕಾರಿಯಲ್ಲಾಕ್ ಈಟಿ ಹಿಡಿದದ್ದು ಫ್ಲಾಹರ್ಟಿಯ ಮನಸ್ಸಿನ 'ಹಳೇ ಕಾಲ'ಕ್ಕಾಗಿ. ನಿಪ್ಪಾಣಿಯ ಹೆಂಗಸರು ಆಡಿದ್ದು ತಮ್ಮದೇ ಮುಷ್ಕರವನ್ನು.

'ತಂಬಾಕು ಚಾಕಿಲಾ ಊಬ್ ಆಲಿ' 1982ರಲ್ಲಿ ಮುಗಿಯಿತು. ಇಪ್ಪತ್ತೈದು ನಿಮಿಷದ ಮರಾಠಿ ಚಿತ್ರ, ಕಪ್ಪು ಬಿಳುಪು, 16 ಎಂ.ಎಂ. ಅದರಲ್ಲಿ ಆ ಕಾರ್ಖಾನೆಯ ಒಳಗಿನ ಧೂಳಿನ ದೃಶ್ಯ ಒಂದಿದೆ. ಬೆಳಕು ಬರೋದೇ ಧೂಳಿನ ಮೂಲಕ, ಹೆಂಗಸರು ನೆರಳಿನ ಹಾಗೆ ಕಾಣ್ತಾರೆ, ಕೈ ಮಾತ್ರ ನಿಲ್ಲಲ್ಲ. ಥಿಯೇಟರು, ಟಿ.ವಿ. ಎರಡೂ ಇಂಥ ಚಿತ್ರಕ್ಕೆ ಬಾಗಿಲು ತೆಗೆಯೋ ಕಾಲ ಅದಲ್ಲ. ಪ್ರೊಜೆಕ್ಟರ್ ಹೊತ್ತುಕೊಂಡು ಹೋಗಿ, ಕೂಲಿಕಾರರ, ಮಹಿಳಾ ಸಂಘಗಳ ಸಭೆಗಳಲ್ಲಿ ತೋರಿಸಿದರು. ಗುಂಪು ಬಹಳ ವರ್ಷ ಉಳಿಯಲಿಲ್ಲ. ನಾಲ್ಕು ಚಿತ್ರ ಮಾಡಿತು, ಎಲ್ಲರೂ ಅವರವರ ದಾರಿ ಹಿಡಿದರು. ಪ್ರಿಂಟುಗಳು ಸವೆದವು. ಮೂವತ್ತೈದು ವರ್ಷಕ್ಕೂ ಹೆಚ್ಚು ಕಾಲ ಆದಮೇಲೆ ಬರ್ಲಿನ್ನಿನ ಆರ್ಸೆನಲ್ ಸಂಸ್ಥೆಯಲ್ಲಿ ಅವನ್ನು ಡಿಜಿಟಲ್ ಮಾಡಿ ಸರಿಪಡಿಸಿದರು. ನಿಪ್ಪಾಣಿಯ ಧೂಳನ್ನು ನಾವು ಇವತ್ತು ಸ್ಪಷ್ಟವಾಗಿ ನೋಡೋಕೆ ಬರ್ಲಿನ್ನಿನ ಕೃಪೆ ಬೇಕಾಯಿತು. ನಮ್ಮಲ್ಲಿ ಏನಾಗುತ್ತೆ ಅಂತ ಕೇಳಿದರೆ, 2003ರಲ್ಲಿ ಪುಣೆಯಲ್ಲಿ ನೈಟ್ರೇಟ್ ರೀಲುಗಳನ್ನಿಟ್ಟಿದ್ದ ಉಗ್ರಾಣಕ್ಕೆ ಬೆಂಕಿ ಬಿತ್ತು, ನೂರಾರು ಹಳೇ ಚಿತ್ರಗಳು ಹೋದವು. ಅದಕ್ಕೆ ಸಿಗರೇಟೂ ಬೇಕಾಗಿರಲಿಲ್ಲ.

ಇದನ್ನೆಲ್ಲ ನಾನು ಯಾಕೆ ಓದ್ತಾ ಕೂತೆ ಅಂದರೆ, ಕಳೆದ ವರ್ಷ ಮನೆಗೆ ಪೇಂಟ್ ಹೊಡೆಸುವಾಗ ಅಟ್ಟದಿಂದ ಒಂದು ಬೂಟಿನ ಡಬ್ಬಿ ಕೆಳಗೆ ಬಂತು. ಒಳಗೆ ಹದಿಮೂರು ಮಿನಿ-ಡಿವಿ ಟೇಪು. ಒಂದೊಂದೂ ಒಂದು ಗಂಟೆಯದ್ದು. 2006ರಲ್ಲಿ ಎಂಜಿನಿಯರಿಂಗ್ ಕೊನೆ ವರ್ಷದಲ್ಲಿ, ಸ್ನೇಹಿತನ ಮಾವನಿಂದ ಕಡ ತಂದ ಹ್ಯಾಂಡಿಕ್ಯಾಮಿನಲ್ಲಿ ನಾನೂ ಅವನೂ ಎಚ್‌ಎಂಟಿ ಬಗ್ಗೆ ಡಾಕ್ಯುಮೆಂಟರಿ ಮಾಡೋಕೆ ಹೊರಟಿದ್ದೆವು. ಜಾಲಹಳ್ಳಿ, ಮತ್ತಿಕೆರೆ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಉಳಿದವರಿಗೆ ಹೇಳ್ತೀನಿ: ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ಕೈಗಡಿಯಾರದ ಕಾರ್ಖಾನೆ ಶುರುವಾಯಿತು. ಜನತಾ, ಪೈಲಟ್, ಕೋಹಿನೂರ್, ಸೋನಾ. ಎಸ್ಸೆಸ್ಸೆಲ್ಸಿ ಪಾಸಾದ ಹುಡುಗನಿಗೆ, ಮದುವೆಯಾದ ಅಳಿಯನಿಗೆ ಕೊಡ್ತಿದ್ದದ್ದು ಇದನ್ನೇ. ಜೋಡಣೆಯ ಸಾಲಿನಲ್ಲಿ ಹೆಂಗಸರು ಬಹಳ ಜನ ಇದ್ದರು. ಕಣ್ಣಿಗೊಂದು ಭೂತಗನ್ನಡಿ, ಕೈಯಲ್ಲೊಂದು ಚಿಮುಟ. ನಾವು ಅವರಲ್ಲಿ ನಿವೃತ್ತರಾದವರ ಮನೆಗೆ ಹೋಗಿ ಮಾತಾಡಿಸ್ತಿದ್ದೆವು. ಆಮೇಲೆ ಇಬ್ಬರಿಗೂ ಕೆಲಸ ಸಿಕ್ಕಿತು. ಒಬ್ಬ ಪುಣೆಗೆ ಹೋದ, ಒಬ್ಬ ಹೊರವರ್ತುಲ ರಸ್ತೆಗೆ. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚ್ ಕಂಪನಿಯನ್ನು ಮುಚ್ಚೋಕೆ ತೀರ್ಮಾನಿಸಿದಾಗ ಇಬ್ಬರೂ ಒಬ್ಬರಿಗೊಬ್ಬರು ಆ ಸುದ್ದಿಯ ಲಿಂಕು ಕಳಿಸಿಕೊಂಡೆವು.

ಮಿನಿ-ಡಿವಿ ಟೇಪು ಓಡಿಸೋಕೆ ಈಗ ಯಂತ್ರ ಸಿಗೋದೇ ಕಷ್ಟ. ಎಸ್.ಪಿ. ರೋಡಿನಲ್ಲಿ ಒಬ್ಬರ ಹತ್ತಿರ ಹಳೇ ಕ್ಯಾಮೆರಾ ಸಿಕ್ಕಿತು, ಫೈರ್‌ವೈರ್ ಕೇಬಲ್ ಇನ್ನೊಂದು ಕಡೆ, ಅದನ್ನು ಸಿಕ್ಕಿಸೋಕೆ ಹತ್ತು ವರ್ಷದ ಹಿಂದಿನ ಒಂದು ಕಂಪ್ಯೂಟರು ಮತ್ತೊಂದು ಕಡೆ. ಹದಿಮೂರರಲ್ಲಿ ಒಂಬತ್ತು ಓಡಿದವು. ಉಳಿದ ನಾಲ್ಕರಲ್ಲಿ ಬರೀ ನೀಲಿ ಪರದೆ. ನೈಟ್ರೇಟು ಉರಿದು ಸಾಯುತ್ತೆ, ಟೇಪು ಸುಮ್ಮನೆ ಸಾಯುತ್ತೆ.

ಆ ಒಂಬತ್ತರಲ್ಲಿ ಹದಿನೆಂಟು ಜನ ಮಾತಾಡ್ತಾರೆ. ಬೋನಸ್ಸು, ಕ್ಯಾಂಟೀನಿನ ಊಟ, ಫ್ಯಾಕ್ಟರಿ ಬಸ್ಸು. ಆದರೆ ಆರನೇ ಟೇಪಿನಲ್ಲಿ ಒಬ್ಬರು ಆಂಟಿ ಇದ್ದಾರೆ. 'ಕೆಲಸ ಹೇಗಿತ್ತು ಹೇಳಿ' ಅಂದಾಗ ಅವರು ಹೇಳೋದನ್ನು ಬಿಟ್ಟು ಮಾಡಿ ತೋರಿಸೋಕೆ ಶುರು ಮಾಡ್ತಾರೆ. ಕೈಯಲ್ಲಿ ಗಡಿಯಾರ ಇಲ್ಲ, ಚಿಮುಟ ಇಲ್ಲ. ಊಟದ ಟೇಬಲ್ಲಿನ ಮೇಲೆ ಮೊಣಕೈ ಊರಿ, ಬೆರಳುಗಳಲ್ಲಿ ಗಾಳಿಯನ್ನೇ ಹಿಡಿದು, ಕೂದಲೆಳೆಯಷ್ಟು ತೆಳುವಾದ ಸ್ಪ್ರಿಂಗನ್ನು ಕೂರಿಸ್ತಾರೆ. ಒಂದೂವರೆ ನಿಮಿಷ. ಉಸಿರು ಬಿಗಿ ಹಿಡಿದಿರೋದು ಟೇಪಿನಲ್ಲೂ ಗೊತ್ತಾಗುತ್ತೆ. ಆಮೇಲೆ ಒಂದು ಉಸಿರು ಬಿಟ್ಟು, 'ಇಷ್ಟೇ ಕಣಪ್ಪಾ, ದಿನಾ ಇದೇ' ಅಂತಾರೆ.

ಫ್ಲಾಹರ್ಟಿ ತನ್ನ ಉಳಿದ ಪ್ರಿಂಟನ್ನು ಮತ್ತೆ ಮತ್ತೆ ನೋಡ್ತಿದ್ದಾಗ ಏನು ಕಂಡಿರಬಹುದು ಅಂತ ನನಗೆ ಆ ಒಂದೂವರೆ ನಿಮಿಷ ನೋಡುವಾಗ ಸ್ವಲ್ಪ ತಿಳೀತು. ಹದಿನೆಂಟು ಜನರ ಮಾತಿನಲ್ಲಿ ಚಿತ್ರ ಇಲ್ಲ. ಆ ಎರಡು ಕೈಯಲ್ಲಿ ಇದೆ.

ಈಗ ಕ್ಯಾಮೆರಾ ಸಮಸ್ಯೆ ಅಲ್ಲ. ನಿಮ್ಮ ಜೇಬಿನಲ್ಲಿರೋ ಫೋನು ಶಾಸ್ತ್ರಿಯವರ ಕ್ಯಾಮೆರಾಕ್ಕಿಂತ ಕಡಿಮೆ ಬೆಳಕಿನಲ್ಲಿ ಚೆನ್ನಾಗಿ ನೋಡುತ್ತೆ, ಅಡಿಗೆ ಇಷ್ಟು ಅಂತ ದುಡ್ಡೂ ಕೇಳಲ್ಲ. ದನಿಗೆ ಮಾತ್ರ ಅಂಗಿಗೆ ಸಿಕ್ಕಿಸುವ ಒಂದು ಮೈಕು ತಗೊಳ್ಳಿ, ಚಿತ್ರ ಮಸುಕಾದರೂ ಜನ ನೋಡ್ತಾರೆ, ಮಾತು ಕೇಳದಿದ್ದರೆ ಎದ್ದು ಹೋಗ್ತಾರೆ. 'ಮಾಡಬೇಕು ಅಂತಿದ್ದೆ ಮಾರಾಯ' ಅನ್ನೋ ಸ್ನೇಹಿತರು ನನಗೆ ಹತ್ತಾರು ಜನ ಇದ್ದಾರೆ. ಒಬ್ಬಳಿಗೆ ತನ್ನ ಅಜ್ಜಿಯ ಸೋಬಾನೆ ಪದಗಳು, ಒಬ್ಬನಿಗೆ ಮಾಗಡಿ ರಸ್ತೆಯ ಮಿನರ್ವ ಮಿಲ್ಲು. ಎಲ್ಲರೂ ಮೊದಲು ಕೇಳೋದು ಯಾವ ಕ್ಯಾಮೆರಾ ತಗೊಳ್ಳಲಿ, ಯಾವ ಕೋರ್ಸ್ ಮಾಡಲಿ, ಕೆಲಸ ಬಿಡಲಾ ಅಂತ. ಗಣಿಯವನು ಮೂರು ವಾರ ಕಲಿತ. ಪತ್ರಿಕೆಯವರು ತಮ್ಮ ಪತ್ರಿಕೆಗೆ ವಾಪಸು ಹೋದರು. ನಿಪ್ಪಾಣಿಗೆ ಹೋದವರು ಮೊದಲ ಕೆಲವು ತಿಂಗಳು ಕ್ಯಾಮೆರಾವನ್ನೇ ಹೊರಗೆ ತೆಗೆಯಲಿಲ್ಲ.

ಆ ಆಂಟಿಗೆ ಈಗ ಎಂಬತ್ತು ದಾಟಿದೆ. ಮಗಳ ಮನೆಯಲ್ಲಿದ್ದಾರೆ, ಯಲಹಂಕದ ಕಡೆ. ಹುಡುಕಿಕೊಂಡು ಹೋಗಿ ಲ್ಯಾಪ್‌ಟಾಪಿನಲ್ಲಿ ಆರನೇ ಟೇಪು ತೋರಿಸಿದೆ. ಕನ್ನಡಕ ಹಾಕಿಕೊಂಡು ಹತ್ತಿರ ಬಗ್ಗಿ ನೋಡಿದರು. ತಮ್ಮ ಮುಖವನ್ನು ಅವರು ನೋಡಲೇ ಇಲ್ಲ, ಕೈಯನ್ನೇ ನೋಡ್ತಿದ್ದರು. ನೋಡ್ತಾ ನೋಡ್ತಾ ತೊಡೆಯ ಮೇಲಿದ್ದ ಬೆರಳುಗಳು ಅಲ್ಲಾಡೋಕೆ ಶುರುವಾದವು. ಈಗ ಕೈ ನಡುಗುತ್ತೆ.

'ಎಡಗೈ ಸರಿಯಾಗಿ ಕಾಣ್ತಿಲ್ಲ ನೋಡು ಇದರಲ್ಲಿ' ಅಂದರು. 'ಅದು ಮುಖ್ಯ ಕಣಪ್ಪಾ. ಬಲಗೈ ಎಲ್ಲರೂ ಕಲೀತಾರೆ. ಎಡಗೈ ಹಿಡಿಯೋದು ನಾನು ಆರು ತಿಂಗಳು ಕಲಿತಿದ್ದೆ.'

ಇನ್ನೊಂದು ಸಲ ತೋರಿಸ್ತೀರಾ ಆಂಟಿ, ಅಂತ ಕೇಳಿದೆ.

'ನಡುಗುತ್ತಲ್ಲೋ.'

'ನಡುಗಲಿ ಬಿಡಿ.'

ಸ್ವಲ್ಪ ಹೊತ್ತು ಯೋಚನೆ ಮಾಡಿದರು. ಮೊಮ್ಮಗಳನ್ನು ಕರೆದು, ಅಲ್ಮೆರಾ ಮೇಲಿನ ಖಾನೆಯಲ್ಲಿ ಒಂದು ಚಿಮುಟ ಇರಬೇಕು ಹುಡುಕಮ್ಮಾ, ಅಂದರು. ಆವತ್ತು ಸಿಗಲಿಲ್ಲ. 'ಮುಂದಿನ ವಾರ ಬಾ, ಅಷ್ಟರಲ್ಲಿ ಹುಡುಕಿಸಿ ಇಟ್ಟಿರ್ತೀನಿ. ಬೆಳಿಗ್ಗೆನೇ ಬಂದುಬಿಡು, ಮಧ್ಯಾಹ್ನ ಆದರೆ ನನಗೆ ನಿದ್ದೆ ಬರುತ್ತೆ.'